ಬರಿಯ ಸೂಜಿ

ಮನುಷ್ಯನ ದೇಹದಲ್ಲಿ ಮೂಳೆಯಷ್ಟು ಅಲಕ್ಷ್ಯಕ್ಕೆ ಗುರಿಯಾದ ಭಾಗ ಮತ್ತೊಂದು ಇರಲಾರದು. ಕಣ್ಣನ್ನು ಕವಿಗಳು ಹೊಗಳಿದ್ದಾರೆ; ಹೃದಯದ ಮಾತಂತೂ ಹೇಳತೀರದು. ನಾಲಗೆಗೆ ಎಲುಬಿಲ್ಲವೆಂದು ಹೇಳಿ ಅದನ್ನು ಬಯ್ಯುವಾಗ ಮಾತ್ರ ನಾವು ಎಲುಬಿನ ಹೆಸರೆತ್ತುತ್ತೇವೆ. ಮನೆ ಕಟ್ಟಿಸಿದವನು ಗೃಹಪ್ರವೇಶದ ದಿನ ತಳಹದಿಯನ್ನು ನೆನೆಯುವನೆ? ಅದು ಒಳಗೆ ಇದೆ, ಗಟ್ಟಿಯಾಗಿದೆ, ಇದ್ದಲ್ಲೇ ಇದ್ದು ಭಾರವನ್ನು ಹೊರುತ್ತಿದೆ. ಇಷ್ಟೇ ನಮ್ಮ ತಿಳಿವಳಿಕೆ.

ಆದರೆ ಮೂಳೆ ಜಡವಸ್ತುವಲ್ಲ. ಅದರೊಳಗೆ ಹಗಲಿರುಳೂ ಕೆಲಸ ನಡೆದಿರುತ್ತದೆ. ಹಳೆಯದನ್ನು ಕೆಡಹುವ ಜೀವಕಣಗಳದೊಂದು ತಂಡ, ಕೆಡಹಿದ ಜಾಗದಲ್ಲಿ ಹೊಸದನ್ನು ಕಟ್ಟುವ ಕಣಗಳದಿನ್ನೊಂದು ತಂಡ, ಹೀಗೆ ಎರಡು ತಂಡಗಳು ಸರದಿಯ ಮೇಲೆ ದುಡಿಯುತ್ತವೆ. ಪ್ರಾಯದವರ ಅಸ್ಥಿಪಂಜರವು ಸುಮಾರು ಹತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಹೊಸದಾಗುತ್ತದೆಂದು ಬಲ್ಲವರು ಹೇಳುತ್ತಾರೆ. ಕೆಡಹುವುದೂ ಕಟ್ಟುವುದೂ ಸಮನಾಗಿರುವವರೆಗೆ ತೊಂದರೆಯಿಲ್ಲ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದುಹೋಗುವುದರಿಂದ ಕೆಡಹುವವರ ಕೈ ಮೇಲಾಗುತ್ತದೆ. ಗೆದ್ದಲು ತಿಂದ ತೊಲೆಯು ಹೊರಗೆ ನುಣ್ಣಗೆ ಕಾಣುತ್ತಿದ್ದು ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುವಂತೆ, ಇಂತಹ ಮೂಳೆಯೂ ಒಂದು ಕೆಮ್ಮಿಗೆ, ಒಂದು ಬಿಂದಿಗೆ ಎತ್ತಿದ್ದಕ್ಕೆ ಮುರಿಯುವುದುಂಟು. ಇದಕ್ಕೆ ಆಸ್ಟಿಯೋಪೊರೋಸಿಸ್ ಎಂದು ಹೆಸರು. ನಮ್ಮ ಮನೆಗಳಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಅಜ್ಜಿಗೆ ವಯಸ್ಸಾಯಿತು, ಬೆನ್ನು ಬಾಗಿತು ಎಂದರೆ ಮುಗಿಯಿತು. ಆ ಬಾಗಿನೊಳಗೆ ಎಷ್ಟೋ ವೇಳೆ ಒಂದರ ಮೇಲೊಂದು ಕುಸಿದ ಬೆನ್ನುಮೂಳೆಯ ಮಣಿಗಳಿದ್ದುವೆಂದಾಗಲಿ, ಒಂದೊಂದು ಕುಸಿತವೂ ಒಂದೊಂದು ಮುರಿತವೆಂದಾಗಲಿ ಎಣಿಸಿ ನೋಡಿದವರಿಲ್ಲ.

ನನ್ನ ಅಕ್ಕ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ಭಾವನವರು ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾಳೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಟ್ಟದಿಂದ ಇಳಿಸಿದ್ದ ಪುಸ್ತಕದ ಪೆಟ್ಟಿಗೆಯೊಂದನ್ನು ಗೋಡೆಯ ಕಡೆಗೆ ಸರಿಸಹೋಗಿ ಅಲ್ಲಿಯೇ ಕುಳಿತುಬಿಟ್ಟಳು. ಎಕ್ಸ್‌ರೇ ತೆಗೆದಾಗ ಬೆನ್ನಿನ ಎರಡು ಮಣಿಗಳು ಮುಂಭಾಗದಲ್ಲಿ ಅಮುಕಿ ಬೆಣೆಯ ಆಕಾರವನ್ನು ತಾಳಿದ್ದುವು. ಅವುಗಳಲ್ಲಿ ಒಂದು ಹಳೆಯದು. ಅದು ಯಾವಾಗ ಕುಸಿಯಿತೋ ಅವಳಿಗೇ ತಿಳಿಯದು. ಡಾಕ್ಟರು ಟೆರಿಪ್ಯಾರಟೈಡ್ ಎಂಬ ಮದ್ದನ್ನು ದಿನಕ್ಕೊಂದಾವರ್ತಿಯಂತೆ ಎರಡು ವರ್ಷ ಚುಚ್ಚಿಕೊಳ್ಳಬೇಕೆಂದು ಬರೆದುಕೊಟ್ಟರು. ಅದು ಬರೆಯುವ ಪೆನ್ನಿನಂತಹ ಒಂದು ಸಾಧನ. ತುದಿಗೆ ದಿನಕ್ಕೊಂದು ಹೊಸ ಸೂಜಿ. ತೊಡೆಯಲ್ಲೋ ಹೊಟ್ಟೆಯಲ್ಲೋ ಚರ್ಮದ ಕೆಳಗೆ ಚುಚ್ಚತಕ್ಕದ್ದು. ರೆಫ್ರಿಜರೇಟರಿನಲ್ಲಿ ಇರಿಸಬೇಕು, ಬಳಸತೊಡಗಿ ೨೮ ದಿನಗಳಾದೊಡನೆ, ಒಳಗೆ ಮದ್ದು ಉಳಿದಿದ್ದರೂ, ಆ ಪೆನ್ನನ್ನು ಬಿಡಬೇಕು. ನಮ್ಮ ಊರಿನ ವಿದ್ಯುಚ್ಛಕ್ತಿಯ ಸ್ವಭಾವವನ್ನು ಬಲ್ಲ ನಾನು ಮಂಜುಗಡ್ಡೆಗಾಗಿ ಒಂದು ಫ್ಲಾಸ್ಕನ್ನೂ ಕೊಂಡು ತಂದೆ.

ಮೊದಲನೆಯ ದಿನ, ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡು, ಅಕ್ಕ ಕೇಳಿದಳು: “ಇದನ್ನು ಎಲ್ಲರಿಗಿಂತ ಮೊದಲು ಯಾರಿಗೆ ಚುಚ್ಚಿದರೋ?”

“ಯಾರಿಗೋ ಚುಚ್ಚಿರಬೇಕು, ಅಕ್ಕ.”

“ಯಾರಿಗೋ ಎಂಬುದು ಉತ್ತರವಲ್ಲ. ಎಷ್ಟು ಜನಕ್ಕೆ? ಅವರಿಗೇನಾಯಿತು?”

ನಾನು ನಿವೃತ್ತನಾದವನು, ಹೊತ್ತು ಬೇಕಾದಷ್ಟಿದೆ. ಅವಳಿಗಾಗಿ ಹುಡುಕಿ ಓದಿ ತಿಳಿದುಕೊಂಡ ವಿಷಯವನ್ನೂ, ಅದರ ಮೇಲೆ ಅವಳು ಆಡಿದ ಮಾತುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ವೈದ್ಯಕ್ಕಿಂತ ಲೆಕ್ಕದ ಮಾತೇ ಇದರಲ್ಲಿ ಹೆಚ್ಚಾದರೆ ವಾಚಕರು ಮನ್ನಿಸಬೇಕು. ನಮ್ಮ ಮನೆಯ ಹವೆಯೇ ಹಾಗೆ.

ಈ ಕಥೆ ಒಂದು ಖಡ್ಗಮೃಗದಿಂದ ಮೊದಲಾಗುತ್ತದೆ, ಅದೂ ನಮ್ಮ ದೇಶದ ಖಡ್ಗಮೃಗದಿಂದ. ೧೮೩೪ರಲ್ಲಿ ಲಂಡನ್ನಿನ ಮೃಗಶಾಲೆಯನ್ನು ಸೇರಿದ ಆ ಪ್ರಾಣಿ ೧೮೪೯ರಲ್ಲಿ ಸತ್ತಿತು. ರಿಚರ್ಡ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞನು ಅದರ ದೇಹವನ್ನು ಕೊಯ್ದು ಪರೀಕ್ಷಿಸುತ್ತಿರುವಾಗ, ಕೊರಳಿನ ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡಿದ್ದ ಹಳದಿಬಣ್ಣದ ಒಂದು ಪುಟ್ಟ ಗಂಟನ್ನು ಕಂಡು ಬರೆದಿಟ್ಟನು. ಮನುಷ್ಯರಲ್ಲಿಯೂ ಅಂತಹವು ಇವೆಯೆಂದು ೧೮೮೦ರಲ್ಲಿ ಸ್ವೀಡನ್ನಿನ ಉಪ್ಸಾಲದ ಈವಾರ್ ಸ್ಯಾಂಡ್‌ಸ್ಟ್ರೋಮ್ ತೋರಿಸಿಕೊಟ್ಟನು. ಇವೇ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಒಂದು ಅಕ್ಕಿಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಇರುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಕಡಮೆಯಾದೊಡನೆ ಅವು ಒಂದು ರಸವನ್ನು ಬಿಡುತ್ತವೆ. ಆ ರಸವು ಮೂಳೆಯ ಕಣಜದ ಬಾಗಿಲನ್ನು ತೆರೆದು ಅಲ್ಲಿಂದ ಸುಣ್ಣವನ್ನು ರಕ್ತಕ್ಕೆ ಹೊರಡಿಸುತ್ತದೆ. ೧೯೨೫ರಲ್ಲಿ ಕೆನಡಾದ ಜೇಮ್ಸ್ ಕಾಲಿಪ್ ಎಂಬವನು, ಇನ್ಸುಲಿನ್ನನ್ನು ಶುದ್ಧಿಮಾಡಿದವರಲ್ಲೊಬ್ಬನು, ದನದ ಗ್ರಂಥಿಗಳಿಂದ ಈ ರಸವನ್ನು ಹಿಂಡಿ ತೆಗೆದನು.

ಕಣಜದ ಬಾಗಿಲು ತೆರೆದೇ ಇದ್ದರೆ ಏನಾಗುವುದೆಂಬುದಕ್ಕೆ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕಪ್ತಾನನೊಬ್ಬನು ನಿದರ್ಶನ. ಅವನ ಗ್ರಂಥಿಯೊಂದರಲ್ಲಿ ಗಡ್ಡೆ ಬೆಳೆದು ರಸವು ಎಡೆಬಿಡದೆ ಸುರಿಯುತ್ತಿದ್ದಿತು. ಮೂಳೆಗಳು ಕರಗಿ, ಒಂದೊಂದಾಗಿ ಮುರಿದು, ಆತನ ಎತ್ತರವೇ ಏಳು ಅಂಗುಲದಷ್ಟು ತಗ್ಗಿತು. ಗಡ್ಡೆಯನ್ನು ಹುಡುಕುವುದಕ್ಕಾಗಿ ಏಳು ಶಸ್ತ್ರಕ್ರಿಯೆಗಳು ನಡೆದುವು. ೧೯೩೨ರಲ್ಲಿ, ಏಳನೆಯದರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲಿನಲ್ಲಿ ಅದು ಎದೆಯೊಳಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಕಪ್ತಾನನು ತೀರಿಕೊಂಡನು.

ಇಷ್ಟನ್ನು ಕೇಳಿದ ಅಕ್ಕ ಪೆನ್ನನ್ನು ಕೆಳಗಿಟ್ಟಳು. “ಮೂಳೆಯನ್ನು ಕರಗಿಸುವ ರಸವನ್ನೇ ಮೂಳೆಗೆಂದು ನನಗೆ ಚುಚ್ಚುವುದೆ? ಬೇಲಿಗೆ ಹೊಲ ಮೇಯುವ ಕೆಲಸ ಕೊಟ್ಟ ಹಾಗಾಯಿತು.”

ಈ ಸಂದೇಹ ಅವಳೊಬ್ಬಳದೇ ಅಲ್ಲ. ಪಂಡಿತರನ್ನೂ ಬಹುಕಾಲ ಕಾಡಿತು. ಅದೇ ಬಾಸ್ಟನ್ ಹಾಸ್ಪಿಟಲಿನಲ್ಲಿ ಫುಲರ್ ಆಲ್‌ಬ್ರೈಟ್ ಎಂಬ ವೈದ್ಯನಿದ್ದನು. ಅವನೂ ಅವನ ಸಂಗಡಿಗರೂ ೧೯೨೯ರಲ್ಲಿ ಒಂದು ವಿಚಿತ್ರವನ್ನು ಕಂಡರು: ಇಲಿಗಳಿಗೆ ಈ ರಸವನ್ನು ದಿನವೂ ಚುಚ್ಚಿದರೆ ಮೂಳೆಯೊಳಗಿನ ಜಾಲರಿ ಕರಗುವುದರ ಬದಲು ದಟ್ಟವಾಯಿತು. ೧೯೩೨ರಲ್ಲಿ ಹಾನ್ಸ್ ಸೆಲ್ಯೇ ಎಂಬ ಮತ್ತೊಬ್ಬ ವಿದ್ವಾಂಸನೂ, ರಸದ ಪ್ರಮಾಣ ಸಣ್ಣದಾಗಿದ್ದರೆ ಹೊಸ ಮೂಳೆ ಹುಟ್ಟುತ್ತದೆಂದು ಬರೆದನು. ಯಾರೂ ಇದನ್ನು ಕೈಗೆತ್ತಿಕೊಳ್ಳಲಿಲ್ಲ. ವಿಜ್ಞಾನದಲ್ಲಿಯೂ ನಂಬಲಾರದ ಸತ್ಯವು ಕಪಾಟಿನಲ್ಲಿ ಕುಳಿತು ಕಾಯಬೇಕಾಗುತ್ತದೆ.

ಇದರ ಗುಟ್ಟು ಹೊತ್ತಿನಲ್ಲಿದೆ. ಅಕ್ಕನಿಗೆ ನಾನು ಹೇಳಿದ ಹೋಲಿಕೆ ಇದು. ಮನೆ ರಿಪೇರಿಗೆಂದು ಕೆಡಹುವ ಆಳುಗಳನ್ನೂ ಗಾರೆಯವರನ್ನೂ ಇಟ್ಟಿದ್ದೇವೆ ಎನ್ನೋಣ. ಮೇಸ್ತ್ರಿ ಬೆಳಗ್ಗೆ ಬಂದು ಒಂದು ಗಳಿಗೆ ಕೂಗಾಡಿ ಹೋಗುತ್ತಾನೆ. ಅವನ ಕೂಗನ್ನು ಕೇಳಿ ಮೊದಲು ಎದ್ದು ಕೆಲಸಕ್ಕೆ ತೊಡಗುವವರು ಗಾರೆಯವರು. ಅವರ ಸದ್ದಿಗೆ ಕೆಡಹುವವರು ಎಚ್ಚತ್ತು ಬರುವಷ್ಟರಲ್ಲಿ ಮೇಸ್ತ್ರಿ ಹೊರಟುಹೋಗಿರುತ್ತಾನೆ. ಮೇಸ್ತ್ರಿ ದಿನವೆಲ್ಲ ನಿಂತು ಕೂಗುತ್ತಲೇ ಇದ್ದರೆ ಕೆಡಹುವವರೇ ಮುಂದಾಗಿ ಗೋಡೆಯನ್ನು ಉರುಳಿಸುತ್ತಾರೆ. ಕಪ್ತಾನ ಮಾರ್ಟೆಲನ ದೇಹದಲ್ಲಿ ಮೇಸ್ತ್ರಿ ಹೋಗಲೇ ಇಲ್ಲ. ದಿನಕ್ಕೊಮ್ಮೆ ಚುಚ್ಚಿದ ಮದ್ದಾದರೋ ಕೆಲವು ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಆದರೂ ತಿಂಗಳುಗಳು ಉರುಳಿದಂತೆ ಕೆಡಹುವವರೂ ಮೆಲ್ಲನೆ ಚುರುಕಾಗುತ್ತಾರೆ. ಲಾಭದ ಕಾಲ ಅಪಾರವಲ್ಲ.

ನಿಜವಾದ ಹಾರ್ಮೋನಿನಲ್ಲಿ ೮೪ ಕೊಂಡಿಗಳಿವೆ. ಮೊದಲಿನ ೩೪ ಕೊಂಡಿಗಳೇ ಈ ಕೆಲಸಕ್ಕೆ ಸಾಕೆಂದು ಗೊತ್ತಾಗಿ, ೧೯೭೦ರ ದಶಕದಲ್ಲಿ ಆ ತುಂಡನ್ನು ಪ್ರಯೋಗಶಾಲೆಯಲ್ಲಿ ಜೋಡಿಸಿದರು. ೧೯೮೦ರಲ್ಲಿ ೨೧ ಮಂದಿ ರೋಗಿಗಳಿಗೆ ಅದನ್ನು ಕೊಟ್ಟು ಮೂಳೆ ಹೆಚ್ಚಿದುದನ್ನು ಪ್ರಕಟಿಸಿದರು. ಅಕ್ಕನ ಮೊದಲ ಪ್ರಶ್ನೆಗೆ ಉತ್ತರ ಈ ಸುಮಾರಿನಲ್ಲಿ ಇದೆಯೆಂದು ಹೇಳಬಹುದು. ಆದರೆ ಮೂಳೆ ಹೆಚ್ಚುವುದು ಬೇರೆ, ಮುರಿಯದೆ ಇರುವುದು ಬೇರೆ. ಹಿಂದೆ ಫ್ಲೋರೈಡನ್ನು ಕೊಟ್ಟು ಮೂಳೆಯನ್ನು ದಟ್ಟಮಾಡಿದ ಪರೀಕ್ಷೆಯೂ ಉಂಟು. ಮೂಳೆ ದಟ್ಟವಾಯಿತು, ಮುರಿತ ಕಡಮೆಯಾಗಲಿಲ್ಲ. ಆದುದರಿಂದ ನೂರಾರು ಹೆಂಗಸರನ್ನು ವರ್ಷಗಟ್ಟಲೆ ನೋಡಿ ಮುರಿತವನ್ನೇ ಎಣಿಸದೆ ಬೇರೆ ದಾರಿಯಿರಲಿಲ್ಲ.

ಆ ಎಣಿಕೆಯನ್ನು ಅಮೆರಿಕದ ಇಲೈ ಲಿಲ್ಲಿ ಕಂಪೆನಿ ನಡೆಯಿಸಿತು. ಅದರ ವರದಿಯಲ್ಲಿ ಮೊದಲ ಹೆಸರು ರಾಬರ್ಟ್ ನೀರ್ ಎಂಬವರದು, ಅವರೂ ಬಾಸ್ಟನ್ನಿನ ಅದೇ ಹಾಸ್ಪಿಟಲಿನವರು. ೧೭ ದೇಶಗಳ ೯೯ ಕೇಂದ್ರಗಳಲ್ಲಿ ೧,೬೩೭ ಮಂದಿ ಹೆಂಗಸರು. ಎಲ್ಲರೂ ಮುಟ್ಟು ನಿಂತು ಐದು ವರ್ಷಗಳಾದರೂ ಆದವರು. ಎಲ್ಲರಿಗೂ ಬೆನ್ನಿನ ಮಣಿ ಆಗಲೇ ಕುಸಿದಿದ್ದಿತು. ಸರಾಸರಿ ವಯಸ್ಸು ಎಪ್ಪತ್ತರ ಹತ್ತಿರ. ಎಂದರೆ ಎಲ್ಲರೂ ನನ್ನ ಅಕ್ಕನಂತಹವರೇ. ಚೀಟಿ ಎತ್ತಿದ ಹಾಗೆ ಅವರನ್ನು ಮೂರು ಪಾಲು ಮಾಡಿದರು. ೫೪೧ ಮಂದಿಗೆ ದಿನಕ್ಕೆ ೨೦ ಮೈಕ್ರೋಗ್ರಾಂ ಮದ್ದು. ಒಂದು ಗ್ರಾಮಿನಲ್ಲಿ ಐವತ್ತು ಸಾವಿರದ ಒಂದು ಪಾಲು ಅದು. ೫೫೨ ಮಂದಿಗೆ ಅದರ ಎರಡರಷ್ಟು. ಉಳಿದ ೫೪೪ ಮಂದಿಗೆ ಮದ್ದೇ ಇಲ್ಲದ ನೀರಿನಂತಹ ದ್ರವ. ಸುಣ್ಣದ ಗುಳಿಗೆ ಮತ್ತು ಡಿ ವಿಟಮಿನ್ ಮಾತ್ರ ಎಲ್ಲರಿಗೂ ಸಮನಾಗಿ ದೊರೆಯುತ್ತಿದ್ದುವು. ಯಾರಿಗೆ ಯಾವುದು ಬಂದಿದೆಯೆಂದು ಚುಚ್ಚಿಕೊಳ್ಳುವವಳಿಗೂ ಗೊತ್ತಿಲ್ಲ, ನೋಡುವ ವೈದ್ಯನಿಗೂ ಗೊತ್ತಿಲ್ಲ. ಪ್ರತಿಯೊಬ್ಬಳೂ ದಿನದಿನವೂ ತನಗೆ ತಾನೇ ಸೂಜಿ ಚುಚ್ಚಿಕೊಳ್ಳಬೇಕು.

ಅಕ್ಕ ಈ ೫೪೪ರಲ್ಲಿ ನಿಂತುಬಿಟ್ಟಳು. ಕೈಗೆ ಪೆನ್ಸಿಲನ್ನು ತೆಗೆದುಕೊಂಡಳು. ಚಿಕಿತ್ಸೆ ನಡೆದದ್ದು ಸರಾಸರಿ ಹದಿನೆಂಟು ತಿಂಗಳು. ಒಂದು ದಿನವೂ ತಪ್ಪಿಸದಿದ್ದರೆ ಒಬ್ಬೊಬ್ಬಳಿಗೆ ಸುಮಾರು ೫೪೫ ಚುಚ್ಚು. ೫೪೪ ಮಂದಿಗೆ ಎಷ್ಟು? “ಸುಮಾರು ಮೂರು ಲಕ್ಷ,” ಎಂದಳು. “ಮೂರು ಲಕ್ಷ ಬರಿಯ ಸೂಜಿ! ಬೆನ್ನು ಮುರಿದುಕೊಂಡ ಮುದುಕಿಯರಿಗೆ! ಇದು ಮೋಸವಲ್ಲದೆ ಮತ್ತೇನೋ?”

ಮೋಸವಲ್ಲ, ಮೂರರಲ್ಲಿ ಒಂದು ಪಾಲಿಗೆ ಮದ್ದಿರುವುದಿಲ್ಲವೆಂಬುದನ್ನು ತಿಳಿದೇ ಅವರು ಒಪ್ಪಿ ಬಂದವರು ಎಂದೆ. “ಒಪ್ಪಿದರೆ ನೋವು ಕಡಮೆಯಾಗುತ್ತದೆಯೆ?” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಆದರೆ ಹೇಳಬೇಕಾದ ಇನ್ನೊಂದು ಮಾತಿದ್ದಿತು. ಈ ಬರಿಯ ಸೂಜಿಯವರು ಇಲ್ಲದಿದ್ದರೆ ಏನಾಗುತ್ತಿದ್ದಿತು? ಮದ್ದನ್ನು ತೆಗೆದುಕೊಂಡವರಲ್ಲಿಯೂ ಕೆಲವರ ಮಣಿ ಮುರಿಯಿತು. ಅವರನ್ನಷ್ಟೇ ನೋಡಿದವನು, ಮದ್ದು ಕೊಟ್ಟರೂ ಮುರಿಯಿತು, ಇದು ಕೆಲಸಕ್ಕೆ ಬಾರದ್ದು ಎಂದು ಹೇಳಿಬಿಡಬಹುದು. ಬೆನ್ನುನೋವು ಇಳಿದವಳನ್ನು ನೋಡಿದ ಮತ್ತೊಬ್ಬನು ಇದು ಅಮೃತವೆಂದು ಸಾರಬಹುದು. ನೋವು ತಾನಾಗಿಯೇ ಇಳಿಯುವುದೂ ಉಂಟಷ್ಟೆ. ಮದ್ದಿಲ್ಲದೆ ಎಷ್ಟು ಮುರಿಯುತ್ತಿದ್ದಿತೆಂಬುದನ್ನು ಯಾರಾದರೂ ತಮ್ಮ ಮೈಯಲ್ಲಿಯೇ ತೋರಿಸಬೇಕು. ಮದ್ದಿನ ಗುಣವನ್ನು ಅಳೆದ ಅಳತೆಗೋಲು ಆ ೫೪೪ ಮಂದಿಯ ಬೆನ್ನು.

ಇಲ್ಲಿ ದಧೀಚಿಯ ನೆನಪು ಬರುವುದು ಸಹಜ. ಪರಹಿತಕ್ಕಾಗಿ ಎಲುಬು ಕೊಟ್ಟವರ ಮಾತೆತ್ತಿದರೆ ನಮ್ಮ ಜನಕ್ಕೆ ಮೊದಲು ಹೊಳೆಯುವ ಹೆಸರು ಅದೇ. ಆದರೆ ಆ ಹೋಲಿಕೆ ಪೂರ್ತಿಯಾಗಿ ಹೊಂದುವುದಿಲ್ಲ ಎಂದು ನನಗೆ ತೋರುತ್ತದೆ. ದಧೀಚಿಗೆ ತಾನು ಕೊಡುವುದೇನೆಂದು ಗೊತ್ತಿದ್ದಿತು, ಪಡೆಯುವ ಆಸೆ ಇರಲಿಲ್ಲ. ಈ ಹೆಂಗಸರು ಆಸೆಯನ್ನು ಇಟ್ಟುಕೊಂಡೇ ಬಂದವರು. ಮೂರರಲ್ಲಿ ಎರಡು ಪಾಲು ಮದ್ದು ತನಗೇ ಬರಬಹುದು, ಬೆನ್ನು ನಿಲ್ಲಬಹುದು ಎಂಬ ಆಸೆಯಿಂದಲೇ ಒಬ್ಬೊಬ್ಬಳೂ ಬೆಳಗ್ಗೆ ಎದ್ದು ಸೂಜಿಯನ್ನು ಎತ್ತಿಕೊಂಡಿರಬೇಕು. ಇದರಿಂದ ಅವರ ದಾನ ಸಣ್ಣದಾಯಿತೆಂದು ನಾನು ಒಪ್ಪುವುದಿಲ್ಲ. ತನಗೇನು ದೊರೆಯುತ್ತಿದೆಯೆಂಬುದೇ ತಿಳಿಯದೆ ಐನೂರು ದಿನ ಒಂದು ವ್ರತವನ್ನು ನಡೆಯಿಸುವುದು ಋಷಿಗಳಿಗೂ ಸುಲಭವಲ್ಲ.

ಮೂರು ವರ್ಷ ನಡೆಯಬೇಕಾಗಿದ್ದ ಪರೀಕ್ಷೆ ನಡುವೆಯೇ ನಿಂತಿತು. ಅದಕ್ಕೆ ಕಾರಣವೂ ಇಲಿಗಳೇ. ಮೂಳೆ ಬೆಳೆಸುವ ಗುಣವನ್ನು ಮೊದಲು ತೋರಿಸಿದ ಇಲಿಯ ಜಾತಿಯೇ ಈಗ ಅಡ್ಡ ಬಂದಿತು. ಇತ್ತ ಹೆಂಗಸರು ಚುಚ್ಚಿಕೊಳ್ಳುತ್ತಿರುವಾಗ, ಅತ್ತ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಎಳೆಯ ಪ್ರಾಯದಿಂದ ತೊಡಗಿ ಎರಡು ವರ್ಷ, ಎಂದರೆ ಅವುಗಳ ಬಾಳಿನ ಬಹುಭಾಗ, ದೊಡ್ಡ ಪ್ರಮಾಣದಲ್ಲಿ ಮದ್ದನ್ನು ಕೊಟ್ಟು ನೋಡುತ್ತಿದ್ದರು. ಅವುಗಳಲ್ಲಿ ಮೂಳೆಯ ಕ್ಯಾನ್ಸರು ಕಾಣಿಸಿಕೊಂಡಿತು. ೧೯೯೮ರ ಡಿಸೆಂಬರಿನಲ್ಲಿ ಕಂಪೆನಿಯು ಎಲ್ಲರಿಗೂ ಸೂಜಿಯನ್ನು ನಿಲ್ಲಿಸಿತು. ಹೆಂಗಸರಲ್ಲಿ ಒಬ್ಬಳಿಗೂ ಆ ರೋಗ ಕಂಡಿರಲಿಲ್ಲ. ಆದರೂ ಆ ಸುದ್ದಿಯನ್ನು ಕೇಳಿದ ದಿನ ಅವರ ಮನಸ್ಸು ಹೇಗಿದ್ದಿರಬೇಕು! ನಿನ್ನೆಯವರೆಗೆ ‘ನನಗೆ ಮದ್ದೇ ಬಂದಿರಲಿ’ ಎಂದು ಹಾರೈಸಿದವಳು ಇಂದು ‘ನನಗೆ ನೀರೇ ಬಂದಿದ್ದಿರಲಿ’ ಎಂದು ಹಾರೈಸಿರಬೇಕಲ್ಲವೆ? ಇದನ್ನು ಹೇಳಿದವಳು ಅಕ್ಕ. ನನಗೆ ಇದು ಹೊಳೆದಿರಲಿಲ್ಲ.

ಸೂಜಿ ನಿಂತರೂ ಎಣಿಕೆ ನಿಲ್ಲಲಿಲ್ಲ. ಅವರಲ್ಲಿ ಸಾವಿರದ ಇನ್ನೂರಕ್ಕೂ ಮೇಲ್ಪಟ್ಟವರು ಮುಂದೆ ವರ್ಷಗಟ್ಟಲೆ ಬಂದು ತೋರಿಸಿಕೊಳ್ಳುತ್ತಲೇ ಇದ್ದರು. ಯಾವ ಮದ್ದೂ ದೊರೆಯದ ಕಾಲದಲ್ಲಿಯೂ ಬಂದು ಎಕ್ಸ್‌ರೇಗೆ ಮೈಯೊಡ್ಡಿದ ಈ ನಿಷ್ಠೆಗೆ ಏನನ್ನೋಣ?

ಫಲಿತಾಂಶವು ೨೦೦೧ರ ಮೇ ತಿಂಗಳಿನಲ್ಲಿ ಹೊರಬಂದಿತು. ಮೊದಲೂ ಕೊನೆಗೂ ಎಕ್ಸ್‌ರೇ ದೊರೆತವರಲ್ಲಿ, ಬರಿಯ ಸೂಜಿಯ ೪೪೮ ಮಂದಿಯಲ್ಲಿ ೬೪ ಮಂದಿಗೆ ಹೊಸದಾಗಿ ಮಣಿ ಕುಸಿದಿದ್ದಿತು. ೨೦ ಮೈಕ್ರೋಗ್ರಾಮಿನ ೪೪೪ ಮಂದಿಯಲ್ಲಿ ೨೨ ಮಂದಿಗೆ. ೪೦ರ ೪೩೪ ಮಂದಿಯಲ್ಲಿ ೧೯ ಮಂದಿಗೆ. ನೂರಕ್ಕೆ ೧೪, ೫, ೪. ಬೆನ್ನನ್ನು ಬಿಟ್ಟು ಬೇರೆಡೆಯ ಮೂಳೆಗಳು ಸುಲಭವಾಗಿ ಮುರಿದುದು ನೂರಕ್ಕೆ ೬, ೩, ೩. ಹೊಸದಾಗಿಯೋ ಹೆಚ್ಚಾಗಿಯೋ ಬೆನ್ನುನೋವೆಂದವರು ನೂರಕ್ಕೆ ೨೩, ೧೭, ೧೬. ಎರಡರಷ್ಟು ಮದ್ದಿನಿಂದ ಮುರಿತದಲ್ಲಿ ಹೇಳಿಕೊಳ್ಳುವಂತಹ ಲಾಭವಿಲ್ಲದೆ ಓಕರಿಕೆ ತಲೆನೋವುಗಳು ಮಾತ್ರ ಹೆಚ್ಚಾದುದರಿಂದ ೨೦ನ್ನೇ ಉಳಿಸಿಕೊಂಡರು. ಸೊಂಟದ ಮುರಿತದ ವಿಷಯವಾಗಿ ಈ ಪರೀಕ್ಷೆ ಏನನ್ನೂ ಸ್ಥಾಪಿಸಲಿಲ್ಲ. ಅಂತಹವು ಎಣಿಕೆಗೆ ಸಾಲದಷ್ಟು ಕಡಮೆಯಾಗಿದ್ದುವು.

ಇದನ್ನು ಜಾಹೀರಾತಿನವರು ಮುರಿತದ ಅಪಾಯ ನೂರಕ್ಕೆ ೬೫ರಷ್ಟು ಇಳಿಯಿತೆಂದು ಹೇಳುತ್ತಾರೆ. ಸುಳ್ಳಲ್ಲ. ಆದರೆ ನಮ್ಮ ಮನೆಯ ಗಣಿತಜ್ಞೆ ಅದನ್ನು ಒಪ್ಪಲಿಲ್ಲ. “ನೂರು ಮಂದಿ ಚುಚ್ಚಿಕೊಂಡರೆ ಒಂಬತ್ತು ಮಂದಿ ಉಳಿದರು. ಐದು ಮಂದಿಗೆ ಚುಚ್ಚಿಕೊಂಡರೂ ಮುರಿಯಿತು. ಎಂಬತ್ತಾರು ಮಂದಿಗೆ ಚುಚ್ಚಿಕೊಳ್ಳದಿದ್ದರೂ ಮುರಿಯುತ್ತಿರಲಿಲ್ಲ. ನಾನು ಯಾರ ಗುಂಪಿನವಳೋ!” ಎಂದಳು. ಅದನ್ನು ಯಾರೂ ಹೇಳಲಾರರು. ಸೂಜಿಯನ್ನು ಮಾತ್ರ ಬಿಡಲಿಲ್ಲ.

ಅಮೆರಿಕದ ಸರಕಾರವು ೨೦೦೨ರ ನವೆಂಬರಿನಲ್ಲಿ ಈ ಮದ್ದಿಗೆ ಅನುಮತಿ ಕೊಟ್ಟಿತು. ಜೊತೆಗೆ ಇಲಿಗಳ ಕ್ಯಾನ್ಸರಿನ ಎಚ್ಚರಿಕೆಯನ್ನು ಕರಿಯ ಚೌಕಟ್ಟಿನೊಳಗೆ ಅಚ್ಚುಹಾಕಿಸಿತು. ಎರಡು ವರ್ಷಕ್ಕಿಂತ ಹೆಚ್ಚು ಕೊಡಬಾರದೆಂದೂ ವಿಧಿಸಿತು. ಆಮೇಲೆ ಹದಿನೈದು ವರ್ಷಗಳ ಕಾಲ ಮದ್ದು ತೆಗೆದುಕೊಂಡವರನ್ನು ಗಮನಿಸಿದರು. ಮನುಷ್ಯರಲ್ಲಿ ಆ ಕ್ಯಾನ್ಸರು ಸಹಜವಾಗಿ ಬರುವುದಕ್ಕಿಂತ ಹೆಚ್ಚಾದುದು ಕಾಣಲಿಲ್ಲ. ೨೦೨೦ರ ನವೆಂಬರಿನಲ್ಲಿ ಕರಿಯ ಚೌಕಟ್ಟನ್ನು ತೆಗೆದರು. ಈಗ ನಮ್ಮ ದೇಶದ ಕಂಪೆನಿಗಳೂ ಇದನ್ನು ತಯಾರಿಸುತ್ತವೆ. ಎಲ್ಲರ ಕೈಗೆ ಎಟಕುವ ಬೆಲೆಯೆಂದು ಮಾತ್ರ ಹೇಳಲಾರೆ.

ಇಷ್ಟಾದರೂ ಅಕ್ಕನ ತಕರಾರು ಮುಗಿದಿರಲಿಲ್ಲ. ಆ ೫೪೪ ಮಂದಿಗೆ ಆ ಕಾಲದಲ್ಲಿ ಬೇರೆ ಮದ್ದೇ ಇರಲಿಲ್ಲವೆ ಎಂದು ಕೇಳಿದಳು. ಇದ್ದಿತು. ಅಲೆಂಡ್ರೊನೇಟ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ೧೯೯೫ರಲ್ಲಿಯೇ ಅನುಮತಿ ದೊರೆತಿದ್ದಿತು. ಅದು ಬೆನ್ನಿನ ಮುರಿತವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ೧೯೯೬ರ ಕೊನೆಯಲ್ಲಿ ಪ್ರಕಟವಾಗಿದ್ದಿತು. ಹಾಗಿದ್ದ ಮೇಲೆ ಬರಿಯ ಸೂಜಿ ನ್ಯಾಯವೆ? ವೈದ್ಯಪ್ರಯೋಗಗಳ ಧರ್ಮವನ್ನು ಹೇಳುವ ಹೆಲ್ಸಿಂಕಿ ಘೋಷಣೆಯೆಂಬುದೊಂದು ೧೯೬೪ರಿಂದ ಇದೆ. ೨೦೦೦ದಲ್ಲಿ ಎಡಿನ್‌ಬರೋದಲ್ಲಿ ಅದನ್ನು ತಿದ್ದಿದಾಗ, ಒಳ್ಳೆಯ ಚಿಕಿತ್ಸೆ ಇರುವಲ್ಲಿ ಹೊಸ ಮದ್ದನ್ನು ಅದರೊಡನೆಯೇ ಹೋಲಿಸಿ ನೋಡಬೇಕೆಂದು ಬಿಗಿಮಾಡಿದರು; ಎರಡು ವರ್ಷಗಳಲ್ಲಿ ವಿವರಣೆಯ ಹೆಸರಿನಲ್ಲಿ ಅದನ್ನು ಸ್ವಲ್ಪ ಸಡಿಲಿಸಿದರು. ಪಂಡಿತರಲ್ಲಿಯೇ ಒಮ್ಮತವಿಲ್ಲ ಎಂದರ್ಥ. ನನ್ನ ಅಭಿಪ್ರಾಯವನ್ನು ಕೇಳಿದರೆ, ಆ ೬೪ ಮಂದಿಯಲ್ಲಿ ಕೆಲವರ ಬೆನ್ನಾದರೂ ಉಳಿಯಬಹುದಾಗಿದ್ದಿತು. ಲೆಕ್ಕದ ಚೊಕ್ಕತನಕ್ಕೆ ಅವರು ತೆತ್ತ ಬೆಲೆ ಹೆಚ್ಚಾಯಿತು. ಹೀಗೆಂದು ಬರೆಯುವಾಗ, ಅದೇ ಲೆಕ್ಕದ ಬಲದಿಂದ ನನ್ನ ಅಕ್ಕ ಇಂದು ನೆಟ್ಟಗೆ ಕುಳಿತು ಕಾಫಿ ಕುಡಿಯುತ್ತಿದ್ದಾಳೆಂಬುದನ್ನು ಮರೆತಿಲ್ಲ.

ಮುಂದಿನವರು ಬೇರೆ ದಾರಿ ಹಿಡಿದರೆಂಬುದು ಸಮಾಧಾನದ ಸಂಗತಿ. ಇದೇ ಮದ್ದನ್ನು ರೈಸೆಡ್ರೊನೇಟ್ ಎಂಬ ವಾರಕ್ಕೊಂದರ ಗುಳಿಗೆಯೊಡನೆ ಹೋಲಿಸಿದ ಪರೀಕ್ಷೆಯ ಫಲ ೨೦೧೮ರಲ್ಲಿ ಅಚ್ಚಾಯಿತು. ಅದರಲ್ಲಿ ೧,೩೬೦ ಹೆಂಗಸರಿದ್ದರು. ಪ್ರತಿಯೊಬ್ಬಳಿಗೂ ಸೂಜಿಯೂ ಇದ್ದಿತು, ಗುಳಿಗೆಯೂ ಇದ್ದಿತು. ಎರಡರಲ್ಲಿ ಒಂದು ಹುಸಿ, ಒಂದು ನಿಜ. ಯಾರ ಕೈಯೂ ಬರಿದಾಗಿರಲಿಲ್ಲ. ಎರಡು ವರ್ಷಗಳ ಕೊನೆಗೆ ಹೊಸದಾಗಿ ಮಣಿ ಕುಸಿದವರು ಗುಳಿಗೆಯ ಕಡೆ ನೂರಕ್ಕೆ ೧೨, ಟೆರಿಪ್ಯಾರಟೈಡಿನ ಕಡೆ ೫.೪. “ಇದನ್ನೇ ಮೊದಲು ಮಾಡಿದ್ದರಾಗುತ್ತಿರಲಿಲ್ಲವೆ?” ಎಂದಳು ಅಕ್ಕ. ಮೊದಲು ಹೀಗೆ ಮಾಡಿದ್ದರೆ ಇನ್ನೂ ಹೆಚ್ಚು ಜನ ಬೇಕಾಗುತ್ತಿದ್ದಿತು, ಇನ್ನೂ ಹೆಚ್ಚು ಕಾಲ ಹಿಡಿಯುತ್ತಿದ್ದಿತು ಎಂದೆ. ಅವಳು ಒಪ್ಪಿದಳೋ ಇಲ್ಲವೋ, ಆ ದಿನ ಮಾತನ್ನು ಬೆಳೆಸಲಿಲ್ಲ.

ಫುಲರ್ ಆಲ್‌ಬ್ರೈಟನ ವಿಷಯವಾಗಿ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಮುಟ್ಟು ನಿಲ್ಲುವುದಕ್ಕೂ ಮೂಳೆ ಟೊಳ್ಳಾಗುವುದಕ್ಕೂ ಇರುವ ಸಂಬಂಧವನ್ನು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿದವನು ಅವನೇ. ೧೯೪೧ರಲ್ಲಿ ಅವನು ವರ್ಣಿಸಿದ ೪೨ ಮಂದಿ ರೋಗಿಗಳಲ್ಲಿ ೪೦ ಮಂದಿ ಮುಟ್ಟು ನಿಂತ ಹೆಂಗಸರು. ಆತನಿಗೆ ನಡುಪ್ರಾಯದಲ್ಲಿಯೇ ಪಾರ್ಕಿನ್‌ಸನ್ ರೋಗ ತಗಲಿ ಕೈಕಾಲು ನಡುಗತೊಡಗಿದುವು. ೧೯೫೬ರಲ್ಲಿ, ಆಗಿನ್ನೂ ಪರೀಕ್ಷೆಯ ಅವಸ್ಥೆಯಲ್ಲಿದ್ದ ಒಂದು ಮಿದುಳಿನ ಶಸ್ತ್ರಕ್ರಿಯೆಗೆ ತಾನೇ ಒಪ್ಪಿ ಒಳಗಾದನು. ಮಿದುಳಿನಲ್ಲಿ ರಕ್ತಸ್ರಾವವಾಗಿ ಮಾತು ಹೋಯಿತು. ೧೯೬೯ರಲ್ಲಿ ಸಾಯುವವರೆಗೆ, ಹದಿಮೂರು ವರ್ಷ, ತಾನು ದುಡಿದ ಆ ಹಾಸ್ಪಿಟಲಿನಲ್ಲಿಯೇ ಹಾಸಿಗೆ ಹಿಡಿದಿದ್ದನು. ಅಕ್ಕನಿಗೆ ಇದನ್ನು ಓದಿ ಹೇಳಿದಾಗ ಅವಳು ಬಹಳ ಹೊತ್ತು ಮಾತನಾಡಲಿಲ್ಲ.

ನಮ್ಮ ಮನೆಯ ಎರ‍ಡು ವರ್ಷಗಳ ವಿಷಯದಲ್ಲಿ ಬರೆಯತಕ್ಕದ್ದು ಹೆಚ್ಚಿಲ್ಲ. ಮೊದಲ ವಾರ ಚುಚ್ಚಿದೊಡನೆ ತಲೆ ಸುತ್ತುತ್ತಿದ್ದಿತು, ಆಮೇಲೆ ನಿಂತಿತು. ರಾತ್ರಿ ಕೆಲವು ಸಲ ಮೀನಖಂಡ ಹಿಡಿದುಕೊಳ್ಳುತ್ತಿದ್ದಿತು. ಬಳಸಿದ ಸೂಜಿಗಳನ್ನು ಕಸದ ಬುಟ್ಟಿಗೆ ಹಾಕಲು ಅವಳು ಬಿಡಲಿಲ್ಲ. ಕಸ ಎತ್ತುವವಳ ಕೈಗೆ ಚುಚ್ಚುವುದೆಂದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕೊಡಿಸುತ್ತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು. ಬೆನ್ನಿನ ಮೂಳೆಯ ಸಾಂದ್ರತೆ ನೂರಕ್ಕೆ ಎಂಟರಷ್ಟು ಹೆಚ್ಚಿತು. ಹೊಸದಾಗಿ ಯಾವ ಮಣಿಯೂ ಕುಸಿಯಲಿಲ್ಲ. ಇದು ಮದ್ದಿನ ಫಲವೋ, ಎಂಬತ್ತಾರು ಮಂದಿಯ ಗುಂಪಿನ ಅದೃಷ್ಟವೋ ಹೇಳಬರುವಂತಿಲ್ಲವೆಂದು ಅವಳೇ ಬಂದವರಿಗೆಲ್ಲ ಹೇಳುತ್ತಾಳೆ.

ಸೂಜಿಯನ್ನು ಬಿಟ್ಟರೆ ಕಟ್ಟಿದ ಮೂಳೆ ಮತ್ತೆ ಸವೆಯುವುದರಿಂದ, ಅದನ್ನು ಕಾಯುವುದಕ್ಕೆ ಈಗ ಅಲೆಂಡ್ರೊನೇಟ್ ಗುಳಿಗೆ ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ, ಕಾಫಿಯನ್ನು ಸಹ ಮುಟ್ಟದೆ ಇರಬೇಕು. ಮೊದಲ ಭಾನುವಾರ ಗುಳಿಗೆಯನ್ನು ನುಂಗಿ ವೆರಾಂಡದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ನಾನು ಕೇಳುವುದಕ್ಕೆ ಮುಂಚೆಯೇ, “ಇದಕ್ಕೆ ಎಷ್ಟು ಜನ?” ಎಂದಳು. ಹಿಂದಿನ ರಾತ್ರಿಯೇ ನೋಡಿಟ್ಟುಕೊಂಡಿದ್ದೆ. ೨,೦೨೭ ಮಂದಿ; ಅವರಲ್ಲಿ ೧,೦೦೫ ಮಂದಿಗೆ ಹುಸಿಗುಳಿಗೆ ಎಂದೆ. ಎದ್ದು ಹೋಗಿ ಕ್ಯಾಲೆಂಡರಿನ ಅಂಚಿನಲ್ಲಿ, ೫೪೪ರ ಕೆಳಗೆ, ೧,೦೦೫ ಎಂದು ಬರೆದುಕೊಂಡಳು.